ಬಟಾಟೆಗೆ ಪಂಕ್ತಿಯಲ್ಲಿ ಎಲೆ ಹಾಕಿಸಿದ ಪಾರ್ಮಾಂತಿಯೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮನೆಗಳಲ್ಲಿ ಹಾಲು ಕಾಯಿಸುವುದೆಂದರೆ ಐದು ನಿಮಿಷದ ಕೆಲಸವಾಗಿರಲಿಲ್ಲ. ಕುಳ್ಳಿನ ಕೆಂಡದ ಮೇಲೆ ಮಣ್ಣಿನ ಗಡಿಗೆ, ಅದರಲ್ಲಿ ಎಮ್ಮೆಯ ಹಾಲು. ಅದು ಉಕ್ಕದೆ, ಆರದೆ ಬೆಳಗಿನಿಂದ ಸಂಜೆಯವರೆಗೆ ಸಣ್ಣಗೆ ಕಾಯುತ್ತಿತ್ತು. ಸಂಜೆಯ ಹೊತ್ತಿಗೆ ಹಾಲು ತೆಳುಗೆಂಪಾಗಿ, ಮೇಲೆ ರೊಟ್ಟಿಯಷ್ಟು ದಪ್ಪನೆಯ ಕೆನೆ ಕಟ್ಟುತ್ತಿತ್ತು. ಅರಭಾವಿಯ ಸುತ್ತಲಿನ ಹಿರಿಯರಿಗೆ ಆ ರುಚಿ ಇನ್ನೂ ನೆನಪಿರಬಹುದು.

ಅದೇ ಸಣ್ಣ ಉರಿಯ ಕೆಲಸವನ್ನು ಈಗ ವಿದ್ಯುತ್ತಿನ ಸ್ಲೋ ಕುಕ್ಕರ್ ಮಾಡುತ್ತಿದೆ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಕಡಲಾಚೆ ನೆಲೆಸಿದ ಕನ್ನಡ ಕುಟುಂಬಗಳಲ್ಲಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಪಾತ್ರೆ ತುಂಬಿಸಿ ಗುಂಡಿ ಒತ್ತಿದರೆ ರಾತ್ರಿಯ ಊಟಕ್ಕೆ ಪದಾರ್ಥ ಸಿದ್ಧವಾಗಿರುತ್ತದೆ. ಹಾಗೆ ತಯಾರಾಗುವ ಅಡುಗೆಗಳಲ್ಲಿ ಮಕ್ಕಳು ಹೆಚ್ಚು ಇಷ್ಟಪಡುವುದು ಕೆನೆ ಮತ್ತು ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ.

ಮಾಡುವ ಕ್ರಮ ಕಷ್ಟದ್ದೇನಲ್ಲ. ಒಂದು ಕಿಲೋ ಆಲೂಗಡ್ಡೆಯ ಸಿಪ್ಪೆ ತೆಗೆದು, ಸುಮಾರು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆಯಬಾರದು. ತೊಳೆದರೆ ಸಾರನ್ನು ಗಟ್ಟಿಮಾಡುವ ಪಿಷ್ಟವೆಲ್ಲ ನೀರಿನೊಡನೆ ಹೊರಟುಹೋಗುತ್ತದೆ. ಪಾತ್ರೆಯ ಒಳಬದಿಗೆ ಬೆಣ್ಣೆ ಸವರಿ, ಬಿಲ್ಲೆಗಳನ್ನು ಪದರ ಪದರವಾಗಿ ಜೋಡಿಸಿ, ಪ್ರತಿ ಪದರಕ್ಕೂ ಉಪ್ಪು, ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ ಹಾಕಬೇಕು. ಒಂದು ಬಟ್ಟಲು ಕೆನೆ, ಒಂದು ಬಟ್ಟಲು ಗಟ್ಟಿ ಹಾಲು ಬೆರೆಸಿ ಮೇಲೆ ಸುರಿಯಬೇಕು. ಸಣ್ಣ ಉರಿಯ ಗುಂಡಿಯಲ್ಲಿ ಆರರಿಂದ ಏಳು ಗಂಟೆ, ದೊಡ್ಡ ಉರಿಯಲ್ಲಿ ನಾಲ್ಕು ಗಂಟೆ ಸಾಕು. ಮಧ್ಯೆ ಮುಚ್ಚಳ ತೆರೆದು ನೋಡುವ ಚಪಲ ಬೇಡ. ಕೂಡಿಟ್ಟ ಶಾಖ ಒಮ್ಮೆ ಹೊರಟುಹೋದರೆ ಮತ್ತೆ ಕೂಡಲು ಹೊತ್ತು ಹಿಡಿಯುತ್ತದೆ. ತುರಿದ ಚೀಸ್ ಇನ್ನೂರು ಗ್ರಾಂ ಬೇಕು, ಆದರೆ ಅದನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕುವುದೇ ಸರಿ. ಮೊದಲೇ ಹಾಕಿದರೆ ಜಿಡ್ಡು ಬೇರೆ, ಗಸಿ ಬೇರೆ ಆಗುತ್ತದೆ. ಮನೆಯ ಕೆನೆ ಬಳಸುವವರು ಅದು ಹುಳಿಯಾಗಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹುಳಿ ಕೆನೆ ಹಾಲನ್ನು ಒಡೆಯುತ್ತದೆ. ಸ್ಲೋ ಕುಕ್ಕರ್ ಇಲ್ಲದವರಿಗೆ ದಪ್ಪ ತಳದ ಪಾತ್ರೆ, ಬಿಗಿಯಾದ ಮುಚ್ಚಳ, ಕೆಂಡದಷ್ಟು ಸಣ್ಣ ಉರಿ ಇದ್ದರೆ ಆದೀತು. ಪ್ರೆಶರ್ ಕುಕ್ಕರಿನ ಮೂರು ಸೀಟಿ ಮಾತ್ರ ಇಲ್ಲಿ ಉಪಯೋಗಕ್ಕೆ ಬಾರದು. ಬಿಲ್ಲೆಗಳೆಲ್ಲ ಕರಗಿ ಪಲ್ಯವಾದೀತು.

ಇಂತಹ ಊಟಕ್ಕೆ ಕೂತವರು ಆಲೂಗಡ್ಡೆಯ ಯೋಗ್ಯತೆಯನ್ನು ಪ್ರಶ್ನಿಸುವುದಿಲ್ಲ. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು, ಅವರದೇ ಶಬ್ದವನ್ನು ಹೊತ್ತು ಬಟಾಟೆಯೆಂದು ಕರೆಸಿಕೊಂಡ ಈ ಗಡ್ಡೆಯನ್ನು ನಮ್ಮವರು ಏಕಾದಶಿಯ ಉಪವಾಸಕ್ಕೂ ಒಪ್ಪಿಕೊಂಡರು. ಅಕ್ಕಿ ವರ್ಜ್ಯ, ಜೋಳ ವರ್ಜ್ಯ, ಆದರೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಂದ ಬಂದ ಬಟಾಟೆ ಸಾಬೂದಾಣಿಯ ಜೊತೆ ಫಲಾಹಾರ! ಬೆಳಗಾವಿ ಜಿಲ್ಲೆಯ ರೈತರು ಮುಂಗಾರಿನೊಡನೆ ಅದನ್ನು ನೆಡುತ್ತಾರೆ; ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ತರಕಾರಿ ಬೆಳೆಗಳನ್ನು ಓದುವ ವಿದ್ಯಾರ್ಥಿಗಳಿಗೆ ಅದೊಂದು ಮಾಮೂಲು ಪಾಠ. ಆದರೆ ಇಂದು ಈ ಗಡ್ಡೆಯಿಂದ ನೂರಾರು ಬಗೆಯ ಖಾದ್ಯ ಮಾಡುವ ಫ್ರಾನ್ಸ್ ದೇಶದ ಬಹುಭಾಗ ಇನ್ನೂರೈವತ್ತು ವರ್ಷಗಳ ಹಿಂದೆ ಅದನ್ನು ಹಂದಿಯ ಮೇವೆಂದು ದೂರವಿಟ್ಟಿತ್ತು. ಆ ಮನಸ್ಸನ್ನು ತಿರುಗಿಸಲು ಒಬ್ಬ ಔಷಧಿಗಾರ ತನ್ನ ಅರ್ಧ ಆಯುಷ್ಯವನ್ನು ತೆತ್ತ. ಆತನೇ ಆಂತ್ವಾನ್ ಓಗುಸ್ತ್ಯಾಂ ಪಾರ್ಮಾಂತಿಯೆ.

ಉತ್ತರ ಫ್ರಾನ್ಸಿನ ಮೊಂದಿದಿಯೆ ಎಂಬ ಸಣ್ಣ ಪಟ್ಟಣದಲ್ಲಿ 1737ರ ಆಗಸ್ಟ್ 12ರಂದು ಪಾರ್ಮಾಂತಿಯೆ ಜನಿಸಿದ. ತಂದೆ ಬೇಗನೆ ತೀರಿಕೊಂಡರು. ತಾಯಿಯ ಆರೈಕೆಯಲ್ಲಿ ಬೆಳೆದ ಹುಡುಗನಿಗೆ ವಿದ್ಯೆ ಮುಂದುವರಿಸುವಷ್ಟು ಅನುಕೂಲವಿರಲಿಲ್ಲ. ಊರಿನ ಔಷಧಿ ಅಂಗಡಿಯಲ್ಲಿ ಕಲಿಕೆಗೆ ಸೇರಿ, ಅಲ್ಲಿಂದ ಹದಿನೆಂಟರ ವಯಸ್ಸಿನಲ್ಲಿ ಪ್ಯಾರಿಸ್ ಸೇರಿದ. ಅಷ್ಟರಲ್ಲಿ ಯೂರೋಪಿನಲ್ಲಿ ಸಪ್ತವಾರ್ಷಿಕ ಯುದ್ಧ ಆರಂಭವಾಗಿತ್ತು. 1757ರಲ್ಲಿ ಆತ ಫ್ರೆಂಚ್ ಸೇನೆಯ ಔಷಧಿಗಾರನಾಗಿ ಜರ್ಮನ್ ನೆಲಕ್ಕೆ ಹೋದ.

ಅಲ್ಲಿ ಪ್ರಷ್ಯದ ಸೈನಿಕರು ಆತನನ್ನು ಹಲವು ಬಾರಿ ಸೆರೆ ಹಿಡಿದರು. ಐದು ಬಾರಿ ಎಂಬುದು ವಾಡಿಕೆಯ ಲೆಕ್ಕ. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ 1756ರಲ್ಲಿಯೇ ತನ್ನ ರೈತರು ಆಲೂಗಡ್ಡೆ ಬೆಳೆಯಬೇಕೆಂದು ಆಜ್ಞೆ ಹೊರಡಿಸಿದ್ದ. ಆದ್ದರಿಂದ ಸೆರೆಯಾಳುಗಳ ತಟ್ಟೆಗೆ ಬೀಳುತ್ತಿದ್ದುದೂ ಅದೇ. ತನ್ನ ದೇಶದಲ್ಲಿ ಹಂದಿಗೆ ಹಾಕುವ ಗಡ್ಡೆಯನ್ನು ತಿಂದು ಪಾರ್ಮಾಂತಿಯೆ ಬದುಕಿದ. ಬದುಕಿದ್ದಷ್ಟೇ ಅಲ್ಲ, ಆರೋಗ್ಯವಾಗಿಯೂ ಇದ್ದ. ಬೇರೆ ಸೆರೆಯಾಳಾಗಿದ್ದರೆ ಬಿಡುಗಡೆಯಾದ ಮೇಲೆ ಆ ಊಟವನ್ನು ಶಪಿಸಿ ಮರೆತುಬಿಡುತ್ತಿದ್ದನೇನೋ. ಔಷಧಿಗಾರನಾದ ಈತನಿಗೆ ಮಾತ್ರ ತನ್ನ ದೇಹವೇ ಒಂದು ಪ್ರಯೋಗದ ಫಲಿತಾಂಶವಾಗಿ ಕಂಡಿತು.

ಫ್ರೆಂಚರ ಸಂಶಯ ಪೂರ್ತಿ ಅರ್ಥಹೀನವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಆಲೂಗಡ್ಡೆಯ ಗಿಡ ಬದನೆ, ಟೊಮೆಟೊ, ಮೆಣಸಿನಕಾಯಿಗಳ ಕುಲದ್ದು. ಅದೇ ಕುಲದಲ್ಲಿ ಕಡುವಿಷದ ಗಿಡಗಳೂ ಇವೆ. ಆಲೂಗಡ್ಡೆಯ ಎಲೆ ಮತ್ತು ಕಾಯಿ ವಿಷಕಾರಿ. ಬಿಸಿಲು ತಗುಲಿ ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚುತ್ತದೆ. ಆದರೆ ಆಗಿನ ಜನ ಇದರ ಜೊತೆಗೆ ಕುಷ್ಠರೋಗವನ್ನೂ ಸೇರಿಸಿ ಹೆದರಿದ್ದರು. ಅದಕ್ಕೆ ಆಧಾರವಿರಲಿಲ್ಲ.

ಯುದ್ಧ 1763ರಲ್ಲಿ ಮುಗಿಯಿತು. ಪ್ಯಾರಿಸಿಗೆ ಮರಳಿದ ಪಾರ್ಮಾಂತಿಯೆ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರದ ಉಪನ್ಯಾಸಗಳಿಗೆ ಹಾಜರಾಗಿ ಓದು ಮುಂದುವರಿಸಿದ. 1766ರಲ್ಲಿ ಗಾಯಾಳು ಮತ್ತು ವೃದ್ಧ ಸೈನಿಕರ ಆಶ್ರಯವಾಗಿದ್ದ ಆಂವಾಲೀದ್ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳಲ್ಲಿ ಅಲ್ಲಿನ ಮುಖ್ಯ ಔಷಧಿಗಾರನ ಹುದ್ದೆಯೂ ದೊರೆಯಿತು. ಆದರೆ ಅದು ನಿಲ್ಲಲಿಲ್ಲ. ಔಷಧಾಲಯವನ್ನು ಅದುವರೆಗೆ ನಡೆಸಿಕೊಂಡು ಬಂದಿದ್ದ ಸನ್ಯಾಸಿನಿಯರಿಗೆ ಈ ಹೊಸ ಅಧಿಕಾರಿ ಬೇಕಾಗಿರಲಿಲ್ಲ. ದೂರು ದೊರೆಯವರೆಗೆ ಹೋಯಿತು. ಕೊನೆಗೆ ಹುದ್ದೆ ರದ್ದಾಯಿತು. ಸಂಬಳ ಮತ್ತು ವಸತಿ ಮಾತ್ರ ಉಳಿದವು. ಮಾಡಲು ಕೆಲಸವಿಲ್ಲ, ಉಣ್ಣಲು ಕೊರತೆಯಿಲ್ಲ ಎಂಬ ವಿಚಿತ್ರ ಸ್ಥಿತಿ. ಅವಮಾನವೆನಿಸಬಹುದಾಗಿದ್ದ ಈ ಬಿಡುವನ್ನು ಆತ ಪೂರ್ತಿಯಾಗಿ ಸಂಶೋಧನೆಗೆ ಬಳಸಿಕೊಂಡ.

ಅದಕ್ಕೆ ಮೊದಲೇ ಒಂದು ದಾರಿ ತೆರೆದಿತ್ತು. 1769–70ರ ಬೆಳೆ ವೈಫಲ್ಯದ ನಂತರ ಬೆಸಾಂಸೋಂ ನಗರದ ಅಕಾಡೆಮಿಯು ಬರಗಾಲದಲ್ಲಿ ಧಾನ್ಯಕ್ಕೆ ಬದಲಾಗಿ ಬಳಸಬಹುದಾದ ಆಹಾರ ಯಾವುದೆಂದು 1771ರಲ್ಲಿ ಪ್ರಬಂಧ ಸ್ಪರ್ಧೆ ಏರ್ಪಡಿಸಿತು. ಪಾರ್ಮಾಂತಿಯೆ ಬರೆದ ಪ್ರಬಂಧಕ್ಕೆ ಬಹುಮಾನ ಬಂತು. 1773ರಲ್ಲಿ ಆಲೂಗಡ್ಡೆಯ ರಾಸಾಯನಿಕ ಪರೀಕ್ಷೆಯನ್ನು ಕುರಿತ ಆತನ ಗ್ರಂಥ ಪ್ರಕಟವಾಯಿತು. ಇದೇ ವರ್ಷಗಳಲ್ಲಿ ಪ್ಯಾರಿಸಿನ ವೈದ್ಯ ವಿದ್ವಾಂಸರೂ ಈ ಗಡ್ಡೆ ನಿರಪಾಯಕಾರಿ ಎಂದು ಅಭಿಪ್ರಾಯ ನೀಡಿದರು. ಪಂಡಿತರು ಒಪ್ಪಿದರು. ಜನ ಒಪ್ಪಲಿಲ್ಲ.

ಏಕೆ ಒಪ್ಪಲಿಲ್ಲ ಎಂಬುದು ಜೋಳದ ನಾಡಿನವರಿಗೆ ಬೇಗ ಅರ್ಥವಾದೀತು. ರೊಟ್ಟಿ ಇಲ್ಲದ ಊಟವನ್ನು ನಮ್ಮ ಸೀಮೆಯ ಹಿರಿಯರು ಊಟವೆಂದೇ ಲೆಕ್ಕಿಸುವುದಿಲ್ಲ. ಫ್ರಾನ್ಸಿನ ಬಡವನಿಗೆ ಗೋಧಿಯ ಬ್ರೆಡ್ ಹಾಗೆಯೇ ಇತ್ತು. ಪಾರ್ಮಾಂತಿಯೆಗೂ ಇದು ಗೊತ್ತಿತ್ತು. ಆದ್ದರಿಂದಲೇ ಆತ ಹಿಟ್ಟನ್ನೇ ಬಳಸದೆ ಬರಿಯ ಆಲೂಗಡ್ಡೆಯಿಂದ ಬ್ರೆಡ್ ಮಾಡುವ ಪ್ರಯೋಗಗಳಲ್ಲಿ ವರ್ಷಗಳನ್ನೇ ಕಳೆದ. ಬ್ರೆಡ್ ಆಯಿತು, ಆದರೆ ದುಬಾರಿಯಾಯಿತು; ಬಡವನ ಮನೆಗೆ ತಲುಪಲಿಲ್ಲ. ಈ ಲೇಖಕನ ದೃಷ್ಟಿಯಲ್ಲಿ ಆತನ ಜೀವನದ ದೊಡ್ಡ ಸುತ್ತುಬಳಸು ಇದೇ. ಬಟಾಟೆಯನ್ನು ಬಟಾಟೆಯಾಗಿಯೇ ಬೇಯಿಸಿ ತಿನ್ನಬಹುದೆಂಬ ಸರಳ ಸಂಗತಿಗೆ ಆತ ತಿರುಗಿ ಬರಲು ಬಹಳ ಕಾಲ ಹಿಡಿಯಿತು. ಆದರೂ ಆ ಶ್ರಮ ವ್ಯರ್ಥವಾಗಲಿಲ್ಲ. 1778ರಲ್ಲಿ ಬ್ರೆಡ್ ತಯಾರಿಕೆಯ ಕುರಿತು ದೊಡ್ಡ ಗ್ರಂಥ ಬರೆದ. 1780ರಲ್ಲಿ ಕಾದೆ ದ ವೋ ಎಂಬ ಗೆಳೆಯನೊಡನೆ ಸೇರಿ ಪ್ಯಾರಿಸಿನಲ್ಲಿ ಬ್ರೆಡ್ ತಯಾರಿಕೆಯ ಶಾಲೆಯನ್ನೇ ತೆರೆದ. ನಮ್ಮ ಗೋಕಾಕ ಸೀಮೆಯ ನೀರಾವರಿ ಹೊಲಗಳಲ್ಲಿ ಇಂದು ಕಾಣುವ ಗೋವಿನಜೋಳದ ಬಗ್ಗೆಯೂ ಆತ ಬರೆದ ಪ್ರಬಂಧಕ್ಕೆ ಬೋರ್ದೋ ಅಕಾಡೆಮಿಯ ಪುರಸ್ಕಾರ ಬಂದಿತ್ತು.

ವಾದದಿಂದ ಆಗದ್ದನ್ನು ಪ್ರದರ್ಶನದಿಂದ ಮಾಡಲು ಆತ ಹೊರಟದ್ದು ಐವತ್ತರ ಸಮೀಪದಲ್ಲಿ. ಆಗಿನ ದೊಡ್ಡವರನ್ನು ಕರೆದು, ಮೊದಲಿನಿಂದ ಕೊನೆಯವರೆಗೆ ಆಲೂಗಡ್ಡೆಯದೇ ಪದಾರ್ಥಗಳಿರುವ ಔತಣಗಳನ್ನು ನೀಡಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲಾವೋಸಿಯೆ ಅತಿಥಿಗಳಾಗಿದ್ದರೆಂದು ಹೇಳಲಾಗುತ್ತದೆ. ದೊರೆ ಹದಿನಾರನೆಯ ಲೂಯಿಗೆ ಆಲೂಗಡ್ಡೆಯ ಹೂವಿನ ಗುಚ್ಛವನ್ನು ಅರ್ಪಿಸಿದ. ದೊರೆ ಒಂದು ಹೂವನ್ನು ಅಂಗಿಗೆ ಸಿಕ್ಕಿಸಿಕೊಂಡನೆಂದೂ, ರಾಣಿ ಮರಿ ಆಂತ್ವಾನೆತ್ ಮುಡಿದುಕೊಂಡಳೆಂದೂ ಪ್ರತೀತಿ. ಅರಮನೆಯಲ್ಲಿ ಮುಡಿದದ್ದು ಪೇಟೆಯಲ್ಲಿ ಬೇಗ ನಡೆಯುತ್ತದೆ ಎಂಬ ಲೆಕ್ಕಾಚಾರ ಆ ಔಷಧಿಗಾರನದು.

1786ರಲ್ಲಿ ಪ್ಯಾರಿಸಿನ ಅಂಚಿನ ಸಾಬ್ಲೋಂ ಬಯಲಿನಲ್ಲಿ ಪ್ರಯೋಗಕ್ಕೆ ದೊರೆ ಜಾಗ ಕೊಟ್ಟ. ಹೆಸರೇ ಹೇಳುವಂತೆ ಅದು ಮರಳು ನೆಲ. ಸೈನಿಕ ಕವಾಯತಿನ ಮೈದಾನ. ಏನೂ ಬೆಳೆಯದೆಂದು ಬಿಟ್ಟ ಆ ನೆಲದಲ್ಲಿ ಆಲೂಗಡ್ಡೆ ಹೂಬಿಟ್ಟಿತು. ಇಲ್ಲಿಯೇ ಆ ಪ್ರಸಿದ್ಧ ಕಥೆ ಬರುವುದು. ಹಗಲು ಹೊತ್ತು ಹೊಲದ ಸುತ್ತ ಸಿಪಾಯಿಗಳ ಕಾವಲು ಹಾಕಿಸಿ, ರಾತ್ರಿ ಬೇಕೆಂದೇ ತೆಗೆಸುತ್ತಿದ್ದನಂತೆ. ಕಾವಲಿದ್ದ ಮೇಲೆ ಬೆಲೆಬಾಳುವ ವಸ್ತುವೇ ಇರಬೇಕೆಂದು ಬಗೆದ ಸುತ್ತಲಿನ ಜನ ರಾತ್ರಿ ಗಡ್ಡೆ ಕದ್ದು ತಮ್ಮ ಹಿತ್ತಲಲ್ಲಿ ನೆಟ್ಟರಂತೆ. ಕಾವಲಿದ್ದದ್ದು ನಿಜವಿರಬಹುದು, ಕಳ್ಳತನದ ಉಪಾಯ ನಂತರ ಸೇರಿಸಿದ ಬಣ್ಣವೂ ಆಗಿರಬಹುದು. ಶಾಲೆಯ ಪುಸ್ತಕಗಳಿಗೆ ಮಾತ್ರ ಈ ಕಥೆಯೇ ಪ್ರಿಯ.

ಇನ್ನೊಂದು ತಪ್ಪು ಕಲ್ಪನೆಯನ್ನೂ ತೆಗೆದುಹಾಕಬೇಕು. ಫ್ರಾನ್ಸಿಗೆ ಆಲೂಗಡ್ಡೆಯನ್ನು ತಂದವನು ಪಾರ್ಮಾಂತಿಯೆ ಅಲ್ಲ. 1600ರಲ್ಲಿಯೇ ಕೃಷಿ ಗ್ರಂಥಕಾರ ಒಲಿವಿಯೆ ದ ಸೆರ್ ಅದನ್ನು ವರ್ಣಿಸಿದ್ದ. ಪೂರ್ವದ ಬೆಟ್ಟ ಸೀಮೆಗಳ ರೈತರು ಪ್ಯಾರಿಸಿನ ಅಪ್ಪಣೆಗೆ ಕಾಯದೆ ಬೆಳೆದು ತಿನ್ನುತ್ತಿದ್ದರು. ಇಂದು ಸ್ಲೋ ಕುಕ್ಕರಿನಲ್ಲಿ ಮಾಡುವ ಕೆನೆಯ ಆಲೂಗಡ್ಡೆಗೆ ಪೂರ್ವಜನೆನ್ನಬಹುದಾದ ಗ್ರಾತ್ಯಾಂ ದೊಫಿನ್ವಾ ಅಂತಹ ಒಂದು ಸೀಮೆಯದೇ. ದೊಫಿನೆ ಪ್ರಾಂತದ ಗಾಪ್ ಪಟ್ಟಣದಲ್ಲಿ 1788ರ ಜುಲೈ 12ರಂದು ನಗರದ ಅಧಿಕಾರಿಗಳಿಗೆ ಬಡಿಸಿದ ಔತಣದ ವಿವರದಲ್ಲಿ ಅದರ ಹೆಸರು ಮೊದಲು ಕಾಣುತ್ತದೆ. ಆ ಖಾದ್ಯದ ಕೀರ್ತಿ ಬೆಟ್ಟದ ಅಡುಗೆಯವರಿಗೆ ಸಲ್ಲಬೇಕು. ರಾಜಧಾನಿಯ ಸಂಶಯವನ್ನು ಕರಗಿಸಿದ್ದೇ ಪಾರ್ಮಾಂತಿಯೆಯ ಪಾಲು.

1789ರಲ್ಲಿ ಆಲೂಗಡ್ಡೆಯ ಬೇಸಾಯ ಮತ್ತು ಉಪಯೋಗಗಳ ಬಗ್ಗೆ ಆತನ ದೊಡ್ಡ ಗ್ರಂಥ ದೊರೆಯ ಆಜ್ಞೆಯಂತೆ ಅಚ್ಚಾಯಿತು. ಅದೇ ವರ್ಷ ಬ್ರೆಡ್ಡಿನ ಅಭಾವದಿಂದ ಕೆರಳಿದ ಪ್ಯಾರಿಸ್ ಕ್ರಾಂತಿಗೆ ಇಳಿಯಿತು. ದೊರೆಯ ಕೃಪೆಯೇ ಈಗ ಅಪಾಯವಾಯಿತು. ಮಾಸಾಶನ ನಿಂತಿತು. ಈತನನ್ನು ಆರಿಸಿದರೆ ನಮಗೆ ಬಟಾಟೆಯನ್ನೇ ತಿನ್ನಿಸುತ್ತಾನೆಂದು ಜನ ಒಂದು ಚುನಾವಣೆಯಲ್ಲಿ ವಿರೋಧಿಸಿದರೆಂಬ ಕಥೆಯೂ ಇದೆ. ದೊರೆಯ ತಲೆ 1793ರಲ್ಲಿ ಉರುಳಿತು. ಔತಣಕ್ಕೆ ಬಂದಿದ್ದನೆನ್ನಲಾದ ಲಾವೋಸಿಯೆಯ ತಲೆ ಮರು ವರ್ಷ. ಪಾರ್ಮಾಂತಿಯೆ ಉಳಿದ. ಸೇನೆಗೆ ಮಾಂಸ ಉಪ್ಪುಹಾಕುವ, ಬಿಸ್ಕತ್ತು ತಯಾರಿಸುವ ತಿಳಿವಳಿಕೆ ಹೊಸ ಸರ್ಕಾರಕ್ಕೂ ಬೇಕಾಗಿತ್ತು.

ವಿಚಿತ್ರವೆಂದರೆ ಅರಮನೆಯ ಹೂವಿನಿಂದ ಆಗದ್ದನ್ನು ಕ್ರಾಂತಿಯ ಹಸಿವು ಮಾಡಿತು. ತ್ವಿಲರಿ ಅರಮನೆಯ ಉದ್ಯಾನದಲ್ಲಿಯೇ ಆಲೂಗಡ್ಡೆ ನೆಟ್ಟರು. 1795ರ ಸುಮಾರಿಗೆ ಮದಾಂ ಮೆರಿಗೋ ಎಂಬಾಕೆ ಕೇವಲ ಆಲೂಗಡ್ಡೆಯ ಅಡುಗೆಗಳಿಗೆ ಮೀಸಲಾದ ಪುಟ್ಟ ಪುಸ್ತಕವನ್ನು ಪ್ರಕಟಿಸಿದಳು. ಪಂಡಿತರ ಪ್ರಬಂಧಗಳಿಗಿಂತ ಈ ಅಡುಗೆ ಪುಸ್ತಕ ಸಾಮಾನ್ಯ ಮನೆಯ ಒಲೆಗೆ ಹತ್ತಿರವಾಗಿತ್ತು ಎನ್ನಲು ಅಡ್ಡಿಯಿಲ್ಲ.

ಕೊನೆಯ ವರ್ಷಗಳು ಗೌರವದಲ್ಲಿ ಕಳೆದವು. 1795ರಲ್ಲಿ ಸ್ಥಾಪನೆಯಾದ ಫ್ರಾನ್ಸಿನ ರಾಷ್ಟ್ರೀಯ ವಿದ್ವತ್ಸಂಸ್ಥೆಯ ಸದಸ್ಯನಾದ. ನೆಪೋಲಿಯನ್ ಕಾಲದಲ್ಲಿ ಸೇನೆಯ ಆರೋಗ್ಯ ಸೇವೆಯ ಉನ್ನತ ಹುದ್ದೆಯಲ್ಲಿದ್ದು, ಸಿಡುಬಿನ ಲಸಿಕೆಯನ್ನು ಹರಡಲು ದುಡಿದ. ಇಂಗ್ಲೆಂಡಿನೊಡನೆ ಯುದ್ಧದಿಂದ ಕಬ್ಬಿನ ಸಕ್ಕರೆ ಬರುವುದು ನಿಂತಾಗ ದ್ರಾಕ್ಷಿಯಿಂದ ಸಿಹಿಪಾಕ ತೆಗೆಯುವ ಕ್ರಮವನ್ನು ಬರೆದ. ಆತ ಮದುವೆಯಾಗಲಿಲ್ಲ, ಮನೆಯನ್ನು ಸಹೋದರಿ ನೋಡಿಕೊಳ್ಳುತ್ತಿದ್ದಳು. 1813ರ ಡಿಸೆಂಬರ್ 17ರಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ ಪ್ಯಾರಿಸಿನಲ್ಲಿ ನಿಧನನಾದ.

ಮಸೆದ ಆಲೂಗಡ್ಡೆಯ ಪದರವಿರುವ ಒಂದು ಖಾದ್ಯಕ್ಕೆ, ಒಂದು ಸೂಪಿಗೆ, ಪ್ಯಾರಿಸಿನ ಮೆಟ್ರೋ ರೈಲಿನ ಒಂದು ನಿಲ್ದಾಣಕ್ಕೆ ಇಂದು ಆತನ ಹೆಸರಿದೆ. ಹುಟ್ಟೂರಿನಲ್ಲಿ ಪ್ರತಿಮೆ ಇದೆ. ಪ್ಯಾರಿಸಿನ ಪೇರ್ ಲಾಶೇಜ್ ಸ್ಮಶಾನದಲ್ಲಿರುವ ಆತನ ಸಮಾಧಿಗೆ ಬರುವವರು ಹೂವಿನ ಬದಲು ಒಂದೆರಡು ಆಲೂಗಡ್ಡೆಗಳನ್ನು ಕಲ್ಲಿನ ಮೇಲೆ ಇಟ್ಟು ಹೋಗುತ್ತಾರೆ.