ಸಾವಿನ ಲೆಕ್ಕದಲ್ಲಿ ಹೊಗೆಯನ್ನು ಗುರುತಿಸಿದ ಜಾನ್ ಗ್ರಾಂಟ್

ತೊಂಡೇಬಾವಿ: ಗೌರಿಬಿದನೂರು ತಾಲ್ಲೂಕಿನ ಈ ಊರಿನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಿದ್ದಾರೆ. ಹಳ್ಳಿಯ ಗಾಳಿ ಬಿಟ್ಟು ನಗರದ ಗಾಳಿಯಲ್ಲಿ ಬದುಕುವವರ ಆಯಸ್ಸು ಏನಾಗುತ್ತದೆ? ಈ ಪ್ರಶ್ನೆಗೆ ಅಂಕಿ-ಅಂಶಗಳಲ್ಲಿ ಉತ್ತರ ಹುಡುಕಿದ ಮೊದಲಿಗರಲ್ಲಿ ಒಬ್ಬನು ವೈದ್ಯನಾಗಿರಲಿಲ್ಲ. ಆತ ಮೂರೂವರೆ ಶತಮಾನಗಳ ಹಿಂದೆ ಲಂಡನ್ನಿನಲ್ಲಿ ಬಾಳಿದ ಜವಳಿ ವ್ಯಾಪಾರಿ ಜಾನ್ ಗ್ರಾಂಟ್.

ಗ್ರಾಂಟ್ ಜನಿಸಿದ್ದು 1620ರ ಏಪ್ರಿಲ್ 24ರಂದು, ಲಂಡನ್ನಿನಲ್ಲಿ. ತಂದೆ ಹೆನ್ರಿ ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಮಗ ತಂದೆಯ ಅಂಗಡಿಯಲ್ಲೇ ಕಸುಬು ಕಲಿತ. ಅಂಗಡಿ ತೆರೆಯುವ ಮುನ್ನ ಲ್ಯಾಟಿನ್ ಮತ್ತು ಫ್ರೆಂಚ್ ಓದಿಕೊಂಡ. ಮುಂದೆ ನಗರಾಡಳಿತದಲ್ಲಿ ಹಲವು ಹೊಣೆಗಳನ್ನು ನಿರ್ವಹಿಸಿ, ನಗರ ರಕ್ಷಣಾ ಪಡೆಯಲ್ಲಿ ಮೇಜರ್ ಹುದ್ದೆಗೇರಿದ.

ಆಗ ಲಂಡನ್ನಿನಲ್ಲಿ ಪ್ರತಿವಾರ ಮರಣ ಪಟ್ಟಿಗಳು ಅಚ್ಚಾಗುತ್ತಿದ್ದವು. ಇದಕ್ಕೆಂದೇ ನೇಮಿಸಿದ್ದ ವೃದ್ಧೆಯರು ಶವ ನೋಡಿ ಸಾವಿನ ಕಾರಣ ತಿಳಿಸುತ್ತಿದ್ದರು. ಚರ್ಚಿನ ಗುಮಾಸ್ತರು ಅದನ್ನು ಬರೆದುಕೊಳ್ಳುತ್ತಿದ್ದರು. ಜನ ಅದನ್ನು ಕೊಳ್ಳುತ್ತಿದ್ದುದು ಪ್ಲೇಗ್ ಏರಿತೋ ಇಳಿಯಿತೋ ಎಂದು ತಿಳಿಯಲು; ಓದಿದ ಮೇಲೆ ಮರೆತುಬಿಡುತ್ತಿದ್ದರು. ಗ್ರಾಂಟ್ ಮಾತ್ರ 1604ರಿಂದೀಚಿನ ಪಟ್ಟಿಗಳನ್ನೆಲ್ಲ ಕಲೆಹಾಕಿ ಕೂಡಿ, ಕಳೆದು, ಹೋಲಿಸಿದ. 1662ರಲ್ಲಿ ಆ ಲೆಕ್ಕ ಪುಸ್ತಕವಾಗಿ ಹೊರಬಂತು.

ನೂರು ಮಕ್ಕಳು ಹುಟ್ಟಿದರೆ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆಂದು ಆತ ಅಂದಾಜಿಸಿದ. ಲಂಡನ್ನಿನಲ್ಲಿ ನಾಮಕರಣಕ್ಕಿಂತ ಶವಸಂಸ್ಕಾರಗಳೇ ಹೆಚ್ಚಾಗಿದ್ದವು. ಆದರೂ ನಗರ ಬೆಳೆಯುತ್ತಲೇ ಇತ್ತು. ಕಾರಣ, ಹಳ್ಳಿಗಳಿಂದ ಬಂದವರು ಸತ್ತವರ ಸ್ಥಾನ ತುಂಬುತ್ತಿದ್ದರು. ಹೋಲಿಕೆಗೆಂದು ಹ್ಯಾಂಪ್‌ಶೈರ್ ಪ್ರಾಂತ್ಯದ ಒಂದು ಗ್ರಾಮೀಣ ಪ್ಯಾರಿಷ್‌ನ ದಾಖಲೆ ತೆಗೆದಾಗ ಅಲ್ಲಿ ಸಾವಿಗಿಂತ ಹುಟ್ಟೇ ಹೆಚ್ಚಿತ್ತು.

ನಗರವೇಕೆ ಹೀಗೆ ಜೀವ ತಿನ್ನುತ್ತದೆ? ಜನದಟ್ಟಣೆಯ ಜೊತೆಗೆ ಗ್ರಾಂಟ್ ಬೊಟ್ಟುಮಾಡಿದ್ದು ಕಲ್ಲಿದ್ದಲ ಹೊಗೆಯತ್ತ. ಅರವತ್ತು ವರ್ಷಗಳ ಹಿಂದೆ ವಿರಳವಾಗಿದ್ದ ಕಲ್ಲಿದ್ದಲು ಆತನ ಕಾಲಕ್ಕೆ ಮನೆಮನೆಯ ಒಲೆ ಸೇರಿತ್ತು. ಹೊಗೆಯ ಪಾಲೆಷ್ಟು, ಇತರ ಕಾರಣಗಳ ಪಾಲೆಷ್ಟು ಎಂದು ಬೇರ್ಪಡಿಸುವ ಸಾಧನ ಆತನಲ್ಲಿರಲಿಲ್ಲ; ಅನುಮಾನ ಮಾತ್ರ ಸರಿಯಾದ ದಿಕ್ಕಿನಲ್ಲಿತ್ತು.

ಅದೇ ವರ್ಷ ದೊರೆ ಎರಡನೇ ಚಾರ್ಲ್ಸ್‌ನ ಒಲವಿನಿಂದ ಈ ಅಂಗಡಿಕಾರ ರಾಯಲ್ ಸೊಸೈಟಿಯ ಸದಸ್ಯನಾದ. ಆದರೆ ಸುಖ ಬಹುಕಾಲ ಉಳಿಯಲಿಲ್ಲ. 1666ರ ಮಹಾ ಅಗ್ನಿದುರಂತದಲ್ಲಿ ಮನೆ ಸುಟ್ಟಿತು, ವ್ಯಾಪಾರ ಕುಸಿಯಿತು. ಕ್ಯಾಥೊಲಿಕ್ ಮತ ಸ್ವೀಕರಿಸಿದ್ದರಿಂದ ಶಂಕೆಗೂ ಗುರಿಯಾದ. 1674ರ ಏಪ್ರಿಲ್ 18ರಂದು ಕಾಮಾಲೆಯಿಂದ, ಬಡತನದಲ್ಲಿ ಕಣ್ಣುಮುಚ್ಚಿದ.

ಆತನ ವಿಧಾನ ಸಾಯಲಿಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್ನನ್ನು ಐದು ದಿನ ಹೊಗೆಮಂಜು ಮುಸುಕಿದಾಗ ಸುಮಾರು 4,000 ಹೆಚ್ಚುವರಿ ಸಾವುಗಳು ಬೆಳಕಿಗೆ ಬಂದದ್ದು ಮರಣ ನೋಂದಣಿಯ ಲೆಕ್ಕದಿಂದಲೇ. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯ್ದೆ ತಂದಿತು.

ನಮ್ಮಲ್ಲೂ ಅಂಥದೇ ಲೆಕ್ಕ ನಡೆದಿದೆ. ಬೆಂಗಳೂರು ಸೇರಿ ದೇಶದ 10 ನಗರಗಳ 2008ರಿಂದ 2019ರವರೆಗಿನ ಸುಮಾರು 36 ಲಕ್ಷ ಸಾವುಗಳ ಅಧ್ಯಯನ 2024ರ ಜುಲೈನಲ್ಲಿ ಲ್ಯಾನ್ಸೆಟ್ ಸಮೂಹದ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಳಿಯ ಸೂಕ್ಷ್ಮ ಕಣ, ಅಂದರೆ ಪಿಎಂ 2.5, ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ದೈನಂದಿನ ಸಾವು ಒಟ್ಟಾರೆ ಶೇ 1.42ರಷ್ಟು ಹೆಚ್ಚುತ್ತದೆ ಎಂದು ಅದು ಕಂಡುಕೊಂಡಿತು. ತಂಪು ಹವೆಯ ಬೆಂಗಳೂರಿನಲ್ಲಿ ಈ ಏರಿಕೆ ಶೇ 3ಕ್ಕೂ ಮಿಗಿಲು, ದೆಹಲಿಗಿಂತ ಅಧಿಕ.

ಮರಣ ಪತ್ರದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕಾಯಿಲೆ ಎಂದಿರುತ್ತದೆ; ಕೆಟ್ಟ ಗಾಳಿ ಎಂದು ಬರೆಯುವ ರೂಢಿಯಿಲ್ಲ. ಒಂದೊಂದೇ ಸಾವನ್ನು ನೋಡಿದರೆ ಹೊಗೆ ಕಾಣುವುದಿಲ್ಲ, ಸಾವಿರಾರನ್ನು ಒಟ್ಟಿಗೆ ಎಣಿಸಿದಾಗಷ್ಟೇ ಕಾಣುತ್ತದೆ. ಗ್ರಾಂಟ್ ಬಿಟ್ಟುಹೋದ ಪಾಠ ಇದು. ಪ್ರತಿ ಸಾವೂ ಸರಿಯಾದ ಕಾರಣದೊಂದಿಗೆ ನೋಂದಣಿಯಾಗಬೇಕೆಂಬ ನಿಯಮದ ಮಹತ್ವವೂ ಇಲ್ಲೇ ಇದೆ.