ಅತಿಥಿ ತಂಡದ ಆಟಗಾರ: ಬೇಲಾ ಗುಟ್‌ಮನ್

ನಮ್ಮ ಕಾಲೇಜಿನ ತಂಡವು ಪರಸ್ಥಳಕ್ಕೆ ಪಂದ್ಯವಾಡಲು ಹೋದಾಗಲೆಲ್ಲ ನಮಗೆ ಒಂದು ಅನುಭವವಾಗುವುದುಂಟು. ಮೈದಾನ ನಮ್ಮದಲ್ಲ, ಚಪ್ಪಾಳೆ ತಟ್ಟುವ ಕೈಗಳೂ ನಮ್ಮವರವಲ್ಲ. ಗೆದ್ದರೂ ಸೋತರೂ ಸಂಜೆಯ ಬಸ್ಸು ಹತ್ತಿದರೆ ಊರು ಸೇರುತ್ತೇವೆ ಎಂಬ ಧೈರ್ಯವೊಂದೇ ನಮ್ಮ ಬೆನ್ನಿಗಿರುತ್ತದೆ. ಆದರೆ ಮರಳಿ ಸೇರಲು ಊರೇ ಇಲ್ಲದ ಆಟಗಾರನ ಪಾಡೇನು? ಜೀವನವೆಲ್ಲ ಅತಿಥಿಯಾಗಿಯೇ ಆಡಿ, ಅತಿಥಿಯಾಗಿಯೇ ಇತರರಿಗೆ ಆಟ ಕಲಿಸಿ, ಕೊನೆಗೆ ಯುರೋಪಿನ ಕಾಲ್ಚೆಂಡಾಟದ ಅತ್ಯುನ್ನತ ಪ್ರಶಸ್ತಿಯನ್ನು ಎರಡು ಸಲ ಗೆದ್ದುಕೊಟ್ಟವನೊಬ್ಬನಿದ್ದನು. ಅವನೇ ಬೇಲಾ ಗುಟ್‌ಮನ್.

ಗುಟ್‌ಮನ್ನನು ಹುಟ್ಟಿದುದು 1899ರಲ್ಲಿ, ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟಿನ ಒಂದು ಯೆಹೂದ್ಯ ಕುಟುಂಬದಲ್ಲಿ. ತಾಯಿತಂದೆಗಳು ನೃತ್ಯ ಕಲಿಸಿ ಜೀವನ ಸಾಗಿಸುತ್ತಿದ್ದರು. ಬಾಲಕ ಬೇಲಾ ಹದಿಹರೆಯದಲ್ಲಿಯೇ ನೃತ್ಯಶಿಕ್ಷಕನ ಅರ್ಹತೆ ಪಡೆದನು. ಆದರೆ ಗೆಜ್ಜೆಗಿಂತ ಚೆಂಡು ಅವನ ಕಾಲಿಗೆ ಪ್ರಿಯವಾಯಿತು. ದೇಶದ ಪ್ರಸಿದ್ಧ ಕ್ಲಬ್ಬಾದ ಎಂ.ಟಿ.ಕೆ. ತಂಡವನ್ನು ಸೇರಿ 1920 ಮತ್ತು 1921ರಲ್ಲಿ ಹಂಗೆರಿಯ ಲೀಗ್ ಪ್ರಶಸ್ತಿಯನ್ನು ಗೆದ್ದ ಆಟಗಾರರಲ್ಲಿ ಅವನೂ ಒಬ್ಬನಾದನು. ತಂಡದ ನಡುವೆ ನಿಂತು, ಎದುರಾಳಿಯ ದಾಳಿಯನ್ನು ತಡೆದು, ತನ್ನವರ ದಾಳಿಗೆ ಚಾಲನೆ ಕೊಡುವ ಸೆಂಟರ್ ಹಾಫ್ ಸ್ಥಾನ ಅವನದು.

ಆದರೆ ಅವು ಯೆಹೂದ್ಯರಿಗೆ ಒಳ್ಳೆಯ ದಿನಗಳಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಹಂಗೆರಿಯು ತನ್ನ ಕಷ್ಟಗಳಿಗೆಲ್ಲ ಅವರನ್ನೇ ದೂರತೊಡಗಿತ್ತು. 1920ರಲ್ಲಿ ವಿಶ್ವವಿದ್ಯಾನಿಲಯಗಳಿಗೆ ಸೇರುವ ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನೇ ಬಂದಿತು. ಗುಟ್‌ಮನ್ನನು ಹುಟ್ಟೂರನ್ನು ತೊರೆದು ನೆರೆಯ ಆಸ್ಟ್ರಿಯಾದ ವಿಯೆನ್ನಾ ನಗರವನ್ನು ಸೇರಿದನು.

ಅಲ್ಲಿ ಅವನನ್ನು ಸ್ವಾಗತಿಸಿದುದು ಹಕೋವಾ ಎಂಬ ಕ್ಲಬ್ಬು. ಹೀಬ್ರೂ ಭಾಷೆಯಲ್ಲಿ ಈ ಹೆಸರಿಗೆ ಬಲವೆಂದು ಅರ್ಥ. ಅನೇಕ ಕ್ರೀಡಾಸಂಘಗಳು ತಮಗೆ ಬಾಗಿಲು ಮುಚ್ಚಿದುದರಿಂದ ಯೆಹೂದ್ಯರು 1909ರಲ್ಲಿ ತಾವೇ ಕಟ್ಟಿಕೊಂಡ ಸಂಘವಿದು. 1923ರಲ್ಲಿ ಈ ತಂಡವು ಲಂಡನ್ನಿಗೆ ಅತಿಥಿಯಾಗಿ ಹೋಗಿ ವೆಸ್ಟ್ ಹ್ಯಾಮ್ ಕ್ಲಬ್ಬನ್ನು 5–0 ಗೋಲುಗಳಿಂದ ಸೋಲಿಸಿತು. ವೆಸ್ಟ್ ಹ್ಯಾಮ್ ಅಂದು ತನ್ನ ಮುಖ್ಯ ಆಟಗಾರರಲ್ಲಿ ಹಲವರನ್ನು ಇಳಿಸಿರಲಿಲ್ಲವೆಂಬುದು ನಿಜ. ಆದರೂ ಇಂಗ್ಲೆಂಡಿನ ನೆಲದಲ್ಲಿ ಅಂತಹ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. 1925ರಲ್ಲಿ ಹಕೋವಾ ಆಸ್ಟ್ರಿಯಾದ ಚಾಂಪಿಯನ್ ಆಯಿತು. ಆ ಪ್ರಶಸ್ತಿಯನ್ನು ತಂದ ಪಂದ್ಯದಲ್ಲಿ ಗೋಲ್‌ಕೀಪರನ ತೋಳಿಗೆ ಪೆಟ್ಟಾಯಿತು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಆತನು ತೋಳಿಗೆ ಜೋಳಿಗೆ ಕಟ್ಟಿಕೊಂಡು ಮುಂಪಂಕ್ತಿಗೆ ಹೋಗಿ ತಾನೇ ವಿಜಯದ ಗೋಲನ್ನು ಹೊಡೆದನು!

ಗುಟ್‌ಮನ್ನನ ಸ್ವಭಾವವನ್ನು ತಿಳಿಯಲು 1924ರ ಪ್ಯಾರಿಸ್ ಒಲಿಂಪಿಕ್ ಕೂಟದ ಒಂದು ಪ್ರಸಂಗ ಸಾಕು. ಹಂಗೆರಿಯ ತಂಡದೊಡನೆ ಆಟಗಾರರಿಗಿಂತ ಅಧಿಕಾರಿಗಳೇ ಹೆಚ್ಚಾಗಿ ಬಂದಿದ್ದರು. ವಸತಿಗೃಹವು ಅಧಿಕಾರಿಗಳ ವಿಲಾಸಕ್ಕೆ ಅನುಕೂಲವಾಗಿತ್ತೇ ಹೊರತು ಆಟಗಾರರ ನಿದ್ರೆಗಲ್ಲ. ಗುಟ್‌ಮನ್ನನು ಸತ್ತ ಇಲಿಗಳನ್ನು ಹಿಡಿದು ತಂದು ಅಧಿಕಾರಿಗಳ ಕೋಣೆಗಳ ಬಾಗಿಲಿಗೆ ಕಟ್ಟಿದನಂತೆ! ತಂಡವು ಈಜಿಪ್ಟಿನ ಎದುರು 0–3ರಿಂದ ಸೋತು ಹಿಂದಿರುಗಿತು. ಅಧಿಕಾರದ ಮುಂದೆ ಬಾಗದ ಈ ಗುಣವು ಜೀವನವಿಡೀ ಅವನ ಬಲವೂ ಆಯಿತು, ಶತ್ರುವೂ ಆಯಿತು.

1926ರಲ್ಲಿ ಹಕೋವಾ ತಂಡವು ಸಮುದ್ರ ದಾಟಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಆಗ ಅಮೆರಿಕನ್ ಸಾಕರ್ ಲೀಗ್ ಎಂಬ ವೃತ್ತಿಪರ ಲೀಗ್ ಏಳಿಗೆಯಲ್ಲಿತ್ತು. ವಿದೇಶೀ ಕ್ಲಬ್ಬೊಂದು ಬಂದಾಗ ಲೀಗಿನ ಬೇರೆ ಬೇರೆ ಕ್ಲಬ್ಬುಗಳಿಂದ ನುರಿತವರನ್ನು ಆರಿಸಿ ಒಂದು ತಾರಾತಂಡವನ್ನು ಕಟ್ಟಿ ಎದುರಿಗೆ ನಿಲ್ಲಿಸುವುದುಂಟು. ಕಾಲೇಜುಗಳಿಂದ ಆಟಗಾರರನ್ನು ಆಯ್ದು ವಿಶ್ವವಿದ್ಯಾನಿಲಯದ ತಂಡವನ್ನು ಕಟ್ಟುವುದನ್ನು ಬಲ್ಲ ನಮಗೆ ಇದು ಹೊಸದಲ್ಲ. ಇಂತಹ ಸ್ನೇಹಪಂದ್ಯದಲ್ಲಿ ಲೀಗಿನ ಅಂಕಗಳಿಲ್ಲ, ಪ್ರಶಸ್ತಿಯಿಲ್ಲ, ಪಣಕ್ಕಿರುವುದು ಮಾನವೊಂದೇ. ಆಯ್ದ ಹನ್ನೊಂದು ಮಂದಿಯಲ್ಲಿ ಒಬ್ಬೊಬ್ಬನೂ ಸಮರ್ಥನಾದರೂ ಒಟ್ಟಿಗೆ ಆಡಿದ ಅಭ್ಯಾಸ ಸಾಲದು. ಅತಿಥಿಗಳಿಗೆ ಒಗ್ಗಟ್ಟಿನ ಅಭ್ಯಾಸ ಉಂಟು, ಆದರೆ ಪ್ರಯಾಣದ ಆಯಾಸವೂ ಉಂಟು. ಇದರಲ್ಲಿ ಯಾವುದು ಗೆಲ್ಲುವುದೆಂಬುದೇ ಇಂತಹ ಪಂದ್ಯದ ಸ್ವಾರಸ್ಯ.

ಮೇ 1ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಎಂಬ ಕ್ರೀಡಾಂಗಣದಲ್ಲಿ ಹಕೋವಾ ತಂಡಕ್ಕೆ ಇಂತಹ ತಾರಾತಂಡವು ಎದುರಾಯಿತು. ನೆರೆದ ಪ್ರೇಕ್ಷಕರು ಸುಮಾರು 46,000. ಅಮೆರಿಕದಲ್ಲಿ ಕಾಲ್ಚೆಂಡಾಟಕ್ಕೆ ಅಷ್ಟು ಜನ ಅದುವರೆಗೆ ಕೂಡಿರಲಿಲ್ಲ. ಆ ದಾಖಲೆ ದಶಕಗಳ ಕಾಲ ಅಳಿಯದೆ ಉಳಿಯಿತು. ಎದೆಯ ಮೇಲೆ ದಾವೀದನ ನಕ್ಷತ್ರವನ್ನು ಧರಿಸಿ ಆಡುವ ತಮ್ಮವರನ್ನು ನೋಡಲು ನಗರದ ಯೆಹೂದ್ಯರು ಕಿಕ್ಕಿರಿದು ಬಂದಿದ್ದರು. ಪಂದ್ಯವನ್ನು ತಾರಾತಂಡವೇ 3–0ರಿಂದ ಗೆದ್ದಿತು. ಆದರೆ ಸೋತ ಅತಿಥಿಗಳು ಆ ನಗರದಲ್ಲಿ ಗೋಲುಗಳಿಗಿಂತ ದೊಡ್ಡದೊಂದನ್ನು ಕಂಡಿದ್ದರು. ವಿಯೆನ್ನಾದಲ್ಲಿ ಹುಟ್ಟಿನ ಕಾರಣಕ್ಕೆ ಬೈಗುಳ ಕೇಳಿದ್ದವರು ಇಲ್ಲಿ ಅದೇ ಹುಟ್ಟಿನ ಕಾರಣಕ್ಕೆ ಚಪ್ಪಾಳೆ ಕೇಳಿದರು. ಅಲ್ಲಿನ ಕ್ಲಬ್ಬುಗಳು ಕೈತುಂಬ ಸಂಬಳವನ್ನೂ ಕೊಡಲು ಮುಂದಾದುವು. ಗುಟ್‌ಮನ್ನನೂ ಅವನ ಜೊತೆಗಾರರಲ್ಲಿ ಹಲವರೂ ಅಮೆರಿಕದಲ್ಲಿಯೇ ನೆಲಸಿದರು. ಬಲವೆಂದು ಹೆಸರಿಟ್ಟುಕೊಂಡಿದ್ದ ವಿಯೆನ್ನಾದ ಕ್ಲಬ್ಬು ಬಲಗುಂದಿ 1928ರಲ್ಲಿ ಕೆಳದರ್ಜೆಗೆ ಇಳಿಯಿತು.

ಗುಟ್‌ಮನ್ನನು ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಆಡಿದನು. ಅನಂತರ ಹಳೆಯ ಜೊತೆಗಾರರು ಕಟ್ಟಿದ ನ್ಯೂಯಾರ್ಕ್ ಹಕೋವಾ ತಂಡದೊಡನೆ 1929ರಲ್ಲಿ ಅಮೆರಿಕದ ರಾಷ್ಟ್ರೀಯ ಕಪ್ಪನ್ನು ಗೆದ್ದನು. ಅದೇ ವರ್ಷ ವಾಲ್ ಸ್ಟ್ರೀಟಿನ ಷೇರುಪೇಟೆ ಕುಸಿದು ಅವನ ಉಳಿತಾಯವೆಲ್ಲ ಕರಗಿಹೋಯಿತು. ಮರುವರ್ಷ ಎರಡು ತಂಡಗಳು ಸೇರಿ ಹಕೋವಾ ಆಲ್ ಸ್ಟಾರ್ಸ್ ಎಂಬ ತಂಡವಾಯಿತು. ಹೆಸರಿನಲ್ಲಿ ತಾರೆಗಳಿದ್ದರೂ ಲೀಗೇ ಮುಳುಗುತ್ತಿತ್ತು. 1932ರಲ್ಲಿ ಅವನು ಬರಿಗೈಯಲ್ಲಿ ವಿಯೆನ್ನಾಕ್ಕೆ ಮರಳಿದನು.

ಮುಂದಿನದು ಶಿಕ್ಷಕನ ಜೀವನ. ವಿಯೆನ್ನಾದಲ್ಲಿಯೂ ಹಾಲೆಂಡಿನಲ್ಲಿಯೂ ಕೆಲಸ ಮಾಡಿದನು. 1938ರ ಮಾರ್ಚಿನಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ನುಂಗಿದೊಡನೆ ಹಕೋವಾ ಕ್ಲಬ್ಬನ್ನು ಮುಚ್ಚಲಾಯಿತು. ಅದರ ನಾಯಕನಾಗಿದ್ದ ಮ್ಯಾಕ್ಸ್ ಶಾಯರನು ಮುಂದೆ ಆಶ್ವಿಟ್ಸಿನಲ್ಲಿ ಹತನಾದನು. ಗುಟ್‌ಮನ್ನನು ಬುಡಾಪೆಸ್ಟಿಗೆ ಬಂದು ಉಯ್‌ಪೆಷ್ಟ್ ತಂಡಕ್ಕೆ 1939ರ ಲೀಗ್ ಪ್ರಶಸ್ತಿಯನ್ನು ಗಳಿಸಿಕೊಟ್ಟನು. ಆದರೆ ಯೆಹೂದ್ಯವಿರೋಧಿ ಕಾನೂನುಗಳು ಅಲ್ಲಿಯೂ ಬೆನ್ನಟ್ಟಿ ಬಂದಿದ್ದುವು.

ಯುದ್ಧಕಾಲದ ತನ್ನ ಪಾಡನ್ನು ಅವನು ಬದುಕಿರುವವರೆಗೆ ಬಿಡಿಸಿ ಹೇಳಲಿಲ್ಲ. ಸತ್ತು ಮೂವತ್ತಾರು ವರ್ಷಗಳಾದ ಮೇಲೆ, 2017ರಲ್ಲಿ ಬಂದ ಒಂದು ಜೀವನಚರಿತ್ರೆಯಿಂದ ಅದು ಲೋಕಕ್ಕೆ ವಿಶದವಾಯಿತು. 1944ರಲ್ಲಿ ಜರ್ಮನ್ ಸೇನೆಯು ಹಂಗೆರಿಯನ್ನು ಆಕ್ರಮಿಸಿದಾಗ ಪತ್ನಿಯ ಸೋದರನು ಅವನನ್ನು ತನ್ನ ಕ್ಷೌರದಂಗಡಿಯ ಮೇಲಿನ ಅಟ್ಟದಲ್ಲಿ ಬಚ್ಚಿಟ್ಟಿದ್ದನು. ಅನಂತರ ಅವನು ಬಲಾತ್ಕಾರದ ದುಡಿಮೆಯ ಶಿಬಿರಕ್ಕೆ ಸಿಕ್ಕಿಬಿದ್ದನು. ಅಲ್ಲಿಂದ ಡಿಸೆಂಬರಿನಲ್ಲಿ ಎರ್ನೋ ಎರ್ಬ್‌ಸ್ಟೈನ್ ಎಂಬ ಮತ್ತೊಬ್ಬ ಕಾಲ್ಚೆಂಡಾಟದ ಶಿಕ್ಷಕನೊಡನೆ ತಪ್ಪಿಸಿಕೊಂಡನು. ಅವನು ಉಳಿದನು, ತಂದೆ ಉಳಿಯಲಿಲ್ಲ, ಸೋದರಿ ಉಳಿಯಲಿಲ್ಲ.

ಅಂತಹ ನರಕವನ್ನು ಕಂಡು ಬಂದವನು ಕ್ಲಬ್ಬಿನ ಅಧ್ಯಕ್ಷರಿಗೆ ಹೆದರುವನೇ? 1946ರಲ್ಲಿ ರುಮೇನಿಯಾದ ಒಂದು ಕ್ಲಬ್ಬಿನಲ್ಲಿ ಆಹಾರದ ಅಭಾವದಿಂದ ಸಂಬಳಕ್ಕೆ ಬದಲಾಗಿ ತರಕಾರಿಯನ್ನು ಪಡೆಯುತ್ತಿದ್ದನಂತೆ. ತಂಡದ ಆಯ್ಕೆಯಲ್ಲಿ ಆಡಳಿತದವರು ಕೈಹಾಕಿದೊಡನೆ ಅದನ್ನೂ ಬಿಟ್ಟು ನಡೆದನು. ಕಿಶ್‌ಪೆಷ್ಟ್ ತಂಡದಲ್ಲಿ ತರುಣ ಪುಷ್ಕಾಷನು ಪಂದ್ಯದ ನಡುವೆಯೇ ಅವನ ಆಜ್ಞೆಯನ್ನು ಮೀರಿದಾಗ ಅಲ್ಲಿಂದಲೂ ಹೊರಟನು. 1955ರಲ್ಲಿ ಇಟಲಿಯ ಮಿಲಾನ್ ಕ್ಲಬ್ಬು ಪಟ್ಟಿಯ ಮೊದಲ ಸ್ಥಾನದಲ್ಲಿದ್ದಾಗಲೇ ಅವನನ್ನು ಕೆಲಸದಿಂದ ತೆಗೆಯಿತು. ತಂಡವು ಮೊದಲ ಸ್ಥಾನದಲ್ಲಿರುವಾಗ ತನ್ನನ್ನು ತೆಗೆಯಕೂಡದೆಂಬ ಷರತ್ತನ್ನು ಅಂದಿನಿಂದ ಅವನು ಕರಾರುಪತ್ರದಲ್ಲಿ ಬರೆಯಿಸಿಕೊಳ್ಳತೊಡಗಿದನು.

1956ರಲ್ಲಿ ಹಂಗೆರಿಯ ಜನ ದಂಗೆಯೆದ್ದರು. ಸೋವಿಯತ್ ಟ್ಯಾಂಕುಗಳು ದಂಗೆಯನ್ನು ಅಡಗಿಸಿದುವು. ಆ ವೇಳೆಗೆ ದೇಶದ ಶ್ರೇಷ್ಠ ಆಟಗಾರರಿದ್ದ ಹೊನ್‌ವೇದ್ ತಂಡವು ಹೊರದೇಶದಲ್ಲಿತ್ತು. ಊರಿಗೆ ಮರಳಲು ಮನಸ್ಸಾಗದ ಆಟಗಾರರನ್ನು ಗುಟ್‌ಮನ್ನನು 1957ರ ಆರಂಭದಲ್ಲಿ ಬ್ರೆಜಿಲಿಗೆ ಕರೆದೊಯ್ದನು. ಅಂತರರಾಷ್ಟ್ರೀಯ ಸಂಸ್ಥೆಯು ಈ ಪ್ರವಾಸವನ್ನು ಅಕ್ರಮವೆಂದು ಸಾರಿತು. ಆದರೂ ಅವರು ಫ್ಲಮೆಂಗೋ, ಬೊಟಾಫೋಗೋ ಕ್ಲಬ್ಬುಗಳ ಎದುರು ಆಡಿದರು. ಆ ಎರಡೂ ಕ್ಲಬ್ಬುಗಳಿಂದ ಆಯ್ದ ಕೂಡುತಂಡದ ಎದುರೂ ಆಡಿದರು. ಮೂವತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲಿ ತಾನಿದ್ದ ಸ್ಥಿತಿಯಲ್ಲಿಯೇ ಈಗ ತನ್ನ ಶಿಷ್ಯರನ್ನು ಅವನು ಕಂಡನು. ಪ್ರವಾಸ ಮುಗಿದಾಗ ಕೆಲವರು ಊರಿಗೆ ಮರಳಿದರು. ಪುಷ್ಕಾಷ್, ಕೋಚಿಷ್, ಜಿಬೋರ್ ಎಂಬವರು ಪಶ್ಚಿಮ ಯುರೋಪಿನಲ್ಲಿ ಉಳಿದರು. ಗುಟ್‌ಮನ್ನನು ಬ್ರೆಜಿಲಿನಲ್ಲಿ ನಿಂತು ಅದೇ ವರ್ಷ ಸಾವೋ ಪಾಲೋ ಕ್ಲಬ್ಬಿಗೆ ಪ್ರಾಂತದ ಪ್ರಶಸ್ತಿಯನ್ನು ಗೆದ್ದುಕೊಟ್ಟನು.

ಅಲ್ಲಿಂದ ಪೋರ್ಚುಗಲ್. ಪೋರ್ಟೋ ತಂಡಕ್ಕೆ 1959ರ ಲೀಗನ್ನು ಗೆದ್ದುಕೊಟ್ಟು, ಲಿಸ್ಬನ್ನಿನ ಬೆನ್‌ಫಿಕಾ ಕ್ಲಬ್ಬನ್ನು ಸೇರಿದನು. 1961ರ ಮೇ 31ರಂದು ಬರ್ನ್ ನಗರದಲ್ಲಿ ನಡೆದ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆನ್‌ಫಿಕಾ ಬಾರ್ಸಿಲೋನಾ ತಂಡವನ್ನು 3–2ರಿಂದ ಸೋಲಿಸಿತು. ಬಾರ್ಸಿಲೋನಾದ ಎರಡು ಗೋಲುಗಳನ್ನು ಹೊಡೆದವರು ಅದೇ ಕೋಚಿಷ್ ಮತ್ತು ಜಿಬೋರ್! ಮೊಸಾಂಬಿಕಿನ ಯೂಸೇಬಿಯೋ ಎಂಬ ಹುಡುಗನ ಸುದ್ದಿಯನ್ನು ಗುಟ್‌ಮನ್ನನು ಲಿಸ್ಬನ್ನಿನ ಒಂದು ಕ್ಷೌರದಂಗಡಿಯಲ್ಲಿ ಹಳೆಯ ಶಿಷ್ಯನ ಬಾಯಿಂದ ಕೇಳಿದನೆಂದು ಪ್ರತೀತಿ. 1962ರ ಮೇ 2ರಂದು ಆಮ್‌ಸ್ಟರ್‌ಡಾಮಿನಲ್ಲಿ ರಿಯಲ್ ಮ್ಯಾಡ್ರಿಡ್ ಎದುರಾಯಿತು. ಪುಷ್ಕಾಷನು ಮೊದಲರ್ಧದಲ್ಲಿಯೇ ಮೂರು ಗೋಲು ಹೊಡೆದನು. ಆದರೆ ಯೂಸೇಬಿಯೋ ಹೊಡೆದ ಎರಡು ಗೋಲುಗಳ ಬಲದಿಂದ ಬೆನ್‌ಫಿಕಾ 5–3ರಿಂದ ಗೆದ್ದಿತು.

ಇಷ್ಟಾದ ಮೇಲೆ ಗುಟ್‌ಮನ್ನನು ಹೆಚ್ಚಿನ ಸಂಭಾವನೆ ಕೇಳಿದನು. ಆಡಳಿತ ಮಂಡಲಿ ಒಪ್ಪಲಿಲ್ಲ. ಅವನು ಮೂಟೆ ಕಟ್ಟಿದನು. ಹೋಗುವಾಗ, ನೂರು ವರ್ಷ ಈ ಕ್ಲಬ್ಬಿಗೆ ಯುರೋಪಿನ ಕಿರೀಟ ದಕ್ಕದೆಂದು ಶಾಪವಿತ್ತನೆಂದು ಜನ ಹೇಳುತ್ತಾರೆ. ಶಾಪದ ಕಥೆಯನ್ನು ಸಂಶಯಿಸುವವರೂ ಉಂಟು. ಆದರೆ 1963ರಿಂದ 2014ರವರೆಗೆ ಬೆನ್‌ಫಿಕಾ ಯುರೋಪಿನ ಎಂಟು ಅಂತಿಮ ಪಂದ್ಯಗಳನ್ನು ತಲಪಿ ಎಂಟರಲ್ಲಿಯೂ ಸೋತುದು ದಾಖಲೆಯ ಮಾತು. ಶಾಪ ದೊಡ್ಡದೋ, ಅಂತಹ ಶಿಕ್ಷಕನನ್ನು ಕೈಬಿಟ್ಟ ಜಿಪುಣತನ ದೊಡ್ಡದೋ, ವಾಚಕರೇ ತೀರ್ಮಾನಿಸಬೇಕು.

ಗುಟ್‌ಮನ್ನನೂ ನಿರ್ದೋಷಿಯಲ್ಲ. ಒಂದೆಡೆ ಮೂರನೆಯ ವರ್ಷ ನಿಲ್ಲುವುದು ಶಿಕ್ಷಕನಿಗೆ ಅಪಾಯವೆಂದು ಅವನು ನಂಬಿದ್ದನು. ಹಣದ ವಿಷಯದಲ್ಲಿ ಬಿಗಿ, ಮಾತಿನಲ್ಲಿ ಒರಟ. ಆದರೆ ಕೂಡಿಟ್ಟುದನ್ನೆಲ್ಲ ಷೇರುಪೇಟೆಯಲ್ಲಿ ಕಳೆದುಕೊಂಡವನು, ನೆಲೆಯೆಂದು ನಂಬಿದ ಊರಿನಲ್ಲಿಯೇ ಬೇಟೆಗೆ ಗುರಿಯಾದವನು, ಯಾವ ಊರನ್ನು ಎಷ್ಟು ದಿನ ನಂಬಿಯಾನು? 1981ರ ಆಗಸ್ಟ್ 28ರಂದು ಅವನು ವಿಯೆನ್ನಾದಲ್ಲಿಯೇ ತೀರಿಕೊಂಡನು. 1990ರಲ್ಲಿ ಅದೇ ನಗರದಲ್ಲಿ ಬೆನ್‌ಫಿಕಾ ಅಂತಿಮ ಪಂದ್ಯವಾಡಲು ಬಂದಾಗ ಯೂಸೇಬಿಯೋ ಗುರುವಿನ ಸಮಾಧಿಯ ಬಳಿ ನಿಂತು ಪ್ರಾರ್ಥಿಸಿದನು. ಪಂದ್ಯವನ್ನು ಬೆನ್‌ಫಿಕಾ ಸೋತಿತು. ಆದರೂ ಊರಿಲ್ಲದ ಆ ಅತಿಥಿಯನ್ನು ನೋಡಿಹೋಗಲು ಶಿಷ್ಯನೊಬ್ಬನು ದೂರದಿಂದ ಬಂದಿದ್ದನು.

ಸಹಪಾಠಿಗಳೇ, ಪರಸ್ಥಳದ ತಂಡವು ನಮ್ಮ ಮೈದಾನಕ್ಕೆ ಬಂದಾಗ ನಾವು ಗೆಲ್ಲಲೆಂದೇ ಆಡೋಣ. ಆದರೆ ಅವರ ಒಳ್ಳೆಯ ಆಟಕ್ಕೂ ಕೈಬಿಚ್ಚಿ ಚಪ್ಪಾಳೆ ತಟ್ಟೋಣ. ಒಂದು ಮಧ್ಯಾಹ್ನದ ಚಪ್ಪಾಳೆ ಒಬ್ಬ ಮನುಷ್ಯನಿಗೆ ಎಷ್ಟು ದೊಡ್ಡದಾಗಬಹುದೆಂಬುದನ್ನು ಪೋಲೋ ಗ್ರೌಂಡ್ಸಿನಲ್ಲಿ ಸೋತ ಆ ಆಟಗಾರರು ಬಲ್ಲವರಾಗಿದ್ದರು.