ಅಂತರಂಗಸಾಕ್ಷಿಯನ್ನು ನಂಬಿದ ಭಂಡಾರಿ

ಪರರ ಧನವನ್ನು ಕೈಯಲ್ಲಿ ಹಿಡಿದವನಿಗೆ ಲೋಕದ ಸಂಶಯ ತಪ್ಪಿದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಮಹಾತ್ಮ ಬಸವಣ್ಣನವರಿಗೂ ಅದು ತಪ್ಪಲಿಲ್ಲ. ಆ ಸಂಶಯದ ನಡುವೆ ಅವರನ್ನು ನಿಲ್ಲಿಸಿದ ನಂಬಿಕೆ ಯಾವುದೆಂಬುದು ವಿಚಾರಣೀಯವಾಗಿದೆ.

ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಸುಪುತ್ರರಾದ ಅವರು, ಭಾವವಿಲ್ಲದ ಕರ್ಮಕ್ಕೆ ಮನಸೋಲದೆ ಎಳೆವಯಸ್ಸಿನಲ್ಲಿಯೇ ಮನೆಯನ್ನು ತೊರೆದು, ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಸೇರಿದರು. ಅಲ್ಲಿ ಗುರುಸನ್ನಿಧಿಯೂ ಸಂಗಮನಾಥನ ಸೇವೆಯೂ ಅವರಿಗೆ ಸರ್ವಸ್ವವಾದವು. ಆ ಕ್ಷೇತ್ರವನ್ನು ಬಿಟ್ಟು ಮಂಗಳವಾಡಕ್ಕೆ ತೆರಳಬೇಕೆಂದು ಸ್ವಪ್ನದಲ್ಲಿ ಅಪ್ಪಣೆಯಾದಾಗ ಅವರು ತಾಳಲಾರದೆ ಮರುಗಿದರೆಂದು ಹರಿಹರ ಕವಿಯು ತನ್ನ ರಗಳೆಯಲ್ಲಿ ಬಣ್ಣಿಸಿದ್ದಾನೆ. ಮರುಗಿದರೂ ಅವರು ಹೊರಟರು. ತನ್ನ ಸಂಕಟವನ್ನು ಅರಿತವನೇ ತನ್ನನ್ನು ಕಳುಹಿಸುತ್ತಿದ್ದಾನೆಂಬ ಭರವಸೆಯೇ ಅವರಿಗೆ ದಾರಿಯ ಬುತ್ತಿಯಾಯಿತು.

ಲೆಕ್ಕಪತ್ರಗಳಲ್ಲಿ ನಿಪುಣರಾದ ಅವರು ಗಣಕವೃತ್ತಿಯಿಂದ ಮೇಲೇರಿ ಭಂಡಾರಿಯ ಪದವಿಗೆ ಬಂದರು. ಅವರ ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹ ನಡೆಯುತ್ತಿತ್ತು. ಅದನ್ನು ಸಹಿಸದವರು, ಅರಸನ ಬೊಕ್ಕಸ ಬರಿದಾಗುತ್ತಿದೆಯೆಂದು ಬಿಜ್ಜಳನಲ್ಲಿ ಚಾಡಿ ನುಡಿದರು. ಭಂಡಾರವನ್ನು ಎಣಿಸಿ ನೋಡಲು ಕಿಂಚಿತ್ತೂ ಕೊರತೆಯಿರಲಿಲ್ಲವೆಂದು ಪುರಾಣಕಾರರು ಹೇಳುತ್ತಾರೆ. ಇದರಲ್ಲಿನ ಪವಾಡದ ಅಂಶವನ್ನು ಬದಿಗಿರಿಸಿದರೂ ಒಂದು ತತ್ತ್ವ ಉಳಿಯುತ್ತದೆ: ಶುದ್ಧಹಸ್ತನಾದವನು ಲೆಕ್ಕ ಕೇಳಿದವರ ಮೇಲೆ ಮುನಿಯುವುದಿಲ್ಲ.

ಆದರೆ ಅರಸನು ಎಣಿಸಬಲ್ಲದ್ದು ಹೊನ್ನನ್ನು ಮಾತ್ರ. ನೀಡುವ ಕೈಯ ಹಿಂದೆ ಅಹಂಕಾರವಿದೆಯೋ ಕೀರ್ತಿಯ ಆಸೆಯಿದೆಯೋ ಎಂಬುದನ್ನು ಅವನು ಎಣಿಸಲಾರ. ಆ ಲೆಕ್ಕವನ್ನು ಬಸವಣ್ಣನವರು ಸಂಗಮನಾಥನ ಮುಂದೆ ತಾವೇ ಬಿಚ್ಚಿಟ್ಟರು. ತಮ್ಮ ಮನದ ಚಾಂಚಲ್ಯವನ್ನೂ ಭಕ್ತಿಯ ಕೊರತೆಯನ್ನೂ ಅವರು ವಚನಗಳಲ್ಲಿ ನಿಸ್ಸಂಕೋಚವಾಗಿ ನಿವೇದಿಸಿಕೊಂಡಿದ್ದಾರೆ. ಸರ್ವಜ್ಞನಾದ ದೇವನಲ್ಲಿ ಮುಚ್ಚಿಡುವುದೇನಿದೆ? ಹೃದಯದ ಕಲೆಗಳನ್ನೆಲ್ಲ ಬಲ್ಲವನಾಗಿಯೂ ಕೈಬಿಡದವನನ್ನೇ ಸಂಪೂರ್ಣವಾಗಿ ನಂಬಬಹುದು. ಆದುದರಿಂದ ದೇವನ ಅರಿವು ಅವರಿಗೆ ಭಯವಾಗದೆ ಅಭಯವಾಯಿತು. ವಚನದ ಕೊನೆಯಲ್ಲಿ ಬರುವ ಕೂಡಲಸಂಗಮದೇವನೆಂಬ ಅಂಕಿತವು, ಬರೆದ ಲೆಕ್ಕಕ್ಕೆ ಸಾಕ್ಷಿಯು ಹಾಕಿದ ರುಜುವಿನಂತಿದೆ.

ಹರಳಯ್ಯ ಮಧುವರಸರ ಮನೆತನಗಳ ವಿವಾಹಸಂಬಂಧದಿಂದ ಕಲ್ಯಾಣದಲ್ಲಿ ಕ್ಷೋಭೆಯೆದ್ದು, ಆ ಶರಣರು ಘೋರಶಿಕ್ಷೆಗೆ ಗುರಿಯಾದರು. ಪದವಿಯನ್ನೂ ಪಟ್ಟಣವನ್ನೂ ತೊರೆದ ಬಸವಣ್ಣನವರು, ಬಾಲ್ಯದಲ್ಲಿ ತಮ್ಮನ್ನು ಪೊರೆದ ಸಂಗಮಕ್ಕೇ ಮರಳಿ, ೧೧೬೭-೬೮ರ ಸುಮಾರಿಗೆ ಲಿಂಗೈಕ್ಯರಾದರೆಂಬುದು ಪ್ರಚಲಿತ ಅಭಿಪ್ರಾಯ. ಲೋಕವು ತಪ್ಪೆಣಿಸಿದಾಗಲೂ ತಮ್ಮ ಮನವನ್ನು ಬಲ್ಲವನೊಬ್ಬನಿದ್ದಾನೆಂಬ ನೆಚ್ಚಿಕೆ ಅವರಲ್ಲಿ ಅಳಿಯಲಿಲ್ಲ.

ದಾನಿಗಳ ಧನದಿಂದ ವಿದ್ಯಾದಾನವನ್ನು ನಡೆಸುವ ನಾವೆಲ್ಲರೂ ಈ ಭಂಡಾರಿಯ ವಾರಸುದಾರರು. ಕಾಗದದ ಮೇಲಿನ ಲೆಕ್ಕವನ್ನು ಸಮಾಜಕ್ಕೆ ಒಪ್ಪಿಸುವುದು ನಮ್ಮ ಕರ್ತವ್ಯ. ನೀಡಿದವರ, ಕಲಿಸಿದವರ ಅಂತರಂಗದ ಲೆಕ್ಕವನ್ನು ಓದುವವನು ಬೇರೊಬ್ಬನಿದ್ದಾನೆ. ಅವನ ಮುಂದೆ ಅದನ್ನು ತೆರೆದಿಡುವ ಧೈರ್ಯ ನಮಗೆಲ್ಲ ದೊರೆಯಲಿ.